ಮೇಷ್ಟ್ರ ಬಿಳಿ, ದೆತೆಲಿನಾಳ ಕತ್ತಲೆ

ನಗೋರು ಈಗಲೇ ನಕ್ಕುಬಿಡಿ. ನಡುವೆ ಬಾಯಿ ಹಾಕಿದ್ರೆ ನಾನು ಸುಮ್ಮನಿರೋಳಲ್ಲ. ಇದು ನನ್ನ ಚಿಕ್ಕಪ್ಪನ ಮಗಳು ದೆತೆಲಿನಾಗೆ ಆಗಿದ್ದು. ನಾನೂ ಅಲ್ಲೇ ಇದ್ದೆ.

ಹೋದ ಆಗಸ್ಟ್. ಶುಕ್ರವಾರ ರಾತ್ರಿ ಒಂದೂವರೆ. ಡ್ಯಾನ್ಯೂಬ್ ನದಿ ದಂಡೆಯ ನಮ್ಮೂರಲ್ಲಿ, ಗುಡ್ಡದ ಮೇಲಿನ ಬಯಲು ರಂಗಮಂದಿರದಿಂದ ನಾವಿಬ್ಬರೂ ಇಳಿದು ಬರ್ತಿದ್ವಿ. ದೀಪದ ಕೆಲಸಾನೇ ಹಾಗೆ. ಯಾವ ತಾಳಕ್ಕೆ ಯಾವ ಬಣ್ಣ ಅಂತ ಕಂಪ್ಯೂಟರಿಗೆ ಕಲಿಸಬೇಕಾದ್ರೆ ಕತ್ತಲಾಗಲೇಬೇಕು, ಹಗಲು ಏನೂ ಕಾಣಲ್ಲ. ದಾರೀಲಿ ಮೂರು ಕೊಳವೆಯ ಹಳೇ ನೀರಿನ ಕಟ್ಟೆ. ಪಕ್ಕದಲ್ಲಿ ಆಕ್ರೋಟಿನ ಮರ. ಕಾಂಡಕ್ಕೆ, ನಮ್ಮಲ್ಲಿ ಯಾರು ಸತ್ರೂ ಅಂಟಿಸ್ತಾರಲ್ಲ, ಆ ಸಾವಿನ ಚೀಟಿ... ಅದರಲ್ಲಿ ರಾಂಗೆಲ್ ಮೇಷ್ಟ್ರ ಫೋಟೋ.

ಮೂವತ್ತು ವರ್ಷ ಆ ರಂಗಮಂದಿರದ ದೀಪ ಅವರ ಕೈಯಲ್ಲಿತ್ತು. ದೆತೆಲಿನಾಗೆ ಕೆಲಸ ಕಲಿಸಿದ್ದೂ ಅವರೇ, ಬೈದು ಬೈದು. ಜುಲೈನಲ್ಲಿ ಎದೆ ಹಿಡ್ಕೊಂಡು ಕೂತೋರು ಮತ್ತೆ ಏಳಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಜೀವ, ಹಾಗಾಗಿ ನಲವತ್ತನೇ ದಿನದ ತಿಥಿ ನಾವೇ ಮಾಡಬೇಕಿತ್ತು. ಅದನ್ನ ಒಂದೆರಡು ದಿನ ಮುಂಚೆ ಮಾಡಿದ್ರೂ ನಡೆಯುತ್ತೆ, ಒಂದು ದಿನವೂ ತಡ ಮಾಡೋ ಹಾಗಿಲ್ಲ. ಆದ್ರೆ ಬೇಸಿಗೆ ಅಂದ್ರೆ ನಮಗೆ ಶೋ ಮೇಲೆ ಶೋ. "ಶನಿವಾರದ್ದು ಮುಗೀಲಿ, ಭಾನುವಾರ ತಿಥಿಯ ಗೋಧಿ ಬೇಯಿಸೋಣ" ಅಂದ ರಂಗಮಂದಿರದ ಮಾಲೀಕ ಸ್ತಾಮೆನ್. ನಾವೂ ಹೂಂ ಅಂದ್ವಿ. ಮೂರು ದಿನ ತಡ. ತಪ್ಪು ನಮ್ಮದೇ, ಸುಳ್ಳು ಯಾಕೆ ಹೇಳಲಿ?

ಶನಿವಾರದ್ದು ದೆತೆಲಿನಾಳ ಮೊದಲ ಸ್ವಂತ ಶೋ. ಬೇರೆ ಹಾಡುಗಳಿಗೆಲ್ಲ ತಾಳ ತಪ್ಪದಿರಲಿ ಅಂತ ಡ್ರಮ್ಮರ್ ಕಿವಿಗೆ ಬಿಡೋ ಟಿಕ್ ಟಿಕ್ ಹಿಡಿದು ದೀಪಗಳು ತಾವೇ ಕುಣೀತವೆ. ಕೊನೇ ಹಾಡು ಮಾತ್ರ ಕೈಯಲ್ಲೇ. ಯಾಕಂದ್ರೆ ಹಾಡುಗಾರ್ತಿ ಆ ಕೊನೇ ಸ್ವರವನ್ನ ಎಷ್ಟು ಹೊತ್ತು ಎಳೀತಾಳೋ ಅವಳಿಗೇ ಗೊತ್ತಿರಲ್ಲ. ಮೇಷ್ಟ್ರು ಅಲ್ಲಿ ಜನರ ಮುಖಕ್ಕೆ ಎಂಟು ಬಿಳಿ ದೀಪ ಬಿಡ್ತಿದ್ರು. ಇವಳು, ಸ್ವರ ನಿಂತ ಕ್ಷಣ ಪೂರ್ತಿ ಕತ್ತಲೆ ಆಗಬೇಕು ಅಂತಿದ್ಳು. ಮೇಷ್ಟ್ರು ಬದುಕಿದ್ದಾಗಿಂದ್ಲೂ ಇದೇ ಜಗಳ.

"ಮೇಷ್ಟ್ರದ್ದು ಹಾಗೇ ಇರಲಿ. ನೀನು ಗುಂಡಿ ಒತ್ತು, ಸಾಕು" ಅಂದ ಸ್ತಾಮೆನ್.

"ಗುಂಡಿ ಒತ್ತೋಕೆ ನಾನ್ಯಾಕೆ? ಒಂದು ಕೋತಿ ತಂದು ಕೂರಿಸಿ."

"ಕತ್ತಲೆ ಕೆಟ್ಟರೆ ಭಾನುವಾರದಿಂದ ಗೇಟಿನ ಹತ್ರ ಸೂರ್ಯಕಾಂತಿ ಬೀಜ ಮಾರ್ಕೋ."

"ಆಗಲಿ" ಅಂದ್ಳು. ಆ ಶುಕ್ರವಾರ ರಾತ್ರಿ ಮೇಷ್ಟ್ರು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದನ್ನೆಲ್ಲ ಅಳಿಸಿ ತನ್ನದನ್ನ ತುಂಬಿಸಿದ್ಳು. ಧೈರ್ಯ ನೋಡಿ!

ಕಟ್ಟೆ ಹತ್ರ ನೀರು ಕುಡಿಯೋಕೆ ಬಗ್ಗಿದ್ಳು. ತಲೆ ಎತ್ತಿದಾಗ ಅವಳ ಮುಖ ಬೆಳ್ಳಗೆ... ತಿರುಗಿ ನೋಡಿದೆ. ಗುಡ್ಡದ ಮೇಲೆ ಎಂಟು ದೀಪ ಉರೀತಿವೆ.

"ಅಕ್ಕ..." ಪಿಸುಗುಟ್ಟಿದ್ಳು.

"ಮನೆಗೆ ನಡಿ."

"ಇಲ್ಲ. ಮೇಲೆ ನಡಿ."

ಗೇಟಿನ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಖಾಲಿ ಕಲ್ಲುಬೆಂಚುಗಳ ಮೇಲೆ ಬಿಳಿ ಬೆಳಕು. ಆಪರೇಟರ್ ಗೂಡಿನಿಂದ ಸದ್ದು... ಝರ್ರ್... ಟಕ್. ಝರ್ರ್... ಟಕ್. ದೀಪದ ಬೋರ್ಡಿನಲ್ಲಿ ಜಾರೋ ಹಿಡಿಗಳಿರ್ತವಲ್ಲ, ಅವಕ್ಕೆ ಸಣ್ಣ ಮೋಟಾರು. ಆ ಎಂಟೂ ಬಿಳಿ ದೀಪಗಳ ಹಿಡಿ ತಾನೇ ಮೇಲಕ್ಕೆ ಹೋಗ್ತಿತ್ತು, ಕೆಳಗಿಳೀತಿತ್ತು, ಮತ್ತೆ ಮೇಲಕ್ಕೆ.

"ಪ್ಲಗ್ ಕಿತ್ತು ಹಾಕೇ" ಅಂದೆ.

"ಕಿತ್ತೇ ಬಂದಿದ್ದೆ."

ನೋಡಿದೆ. ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಇವಳು ಓಡಿದ್ಳು ಅಂದ್ಕೊಂಡ್ರಾ? ನೆಟ್ಟಗೆ ಹೋಗಿ ಹೆಬ್ಬೆರಳಿಟ್ಟು ಆ ಹಿಡಿಯನ್ನ ಕೆಳಗೆ ಒತ್ತಿದ್ಳು. ದೀಪ ಆರಿದವು.

"ಮೇಷ್ಟ್ರೇ, ತಿಥಿ ತಡ ಮಾಡಿದ್ವಿ, ತಪ್ಪಾಯ್ತು, ಕಾಲಿಗೆ ಬೇಕಾದ್ರೆ ಬೀಳ್ತೀನಿ. ಆದ್ರೆ ಈ ಶೋ ನನ್ನದು. ಕುರ್ಚಿಯಿಂದ ಏಳಿ."

ಕಿರ್ರ್... ಕುರ್ಚಿ ಅರ್ಧ ಸುತ್ತು ತಿರುಗ್ತು. ಇವಳು ಅದರಲ್ಲಿ ಕೂತೇಬಿಟ್ಳು ಕಣ್ರೀ! ಆಮೇಲೆ ಪಿಸುಮಾತಲ್ಲಿ, "ಅಕ್ಕ... ಬೆಚ್ಚಗಿದೆ" ಅಂದ್ಳು.

ಶನಿವಾರ. ಬೆಂಚು ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ರು. ನಾನು ಎಡಗಡೆ ಅಟ್ಟದ ಮೇಲೆ, ಬಲಗಡೆ ಅಟ್ಟದಲ್ಲಿ ಯಾವೊರ್, ಪ್ಲೆವೆನ್ ಊರಿನ ಕಡೆಯಿಂದ ಆ ವಾರವಷ್ಟೇ ಬಂದಿದ್ದ ಹುಡುಗ. ಹಾಡುಗಾರ್ತಿಯನ್ನ ಹಿಂಬಾಲಿಸೋ ಎರಡು ದೊಡ್ಡ ದೀಪ ನಮ್ಮ ಕೈಯಲ್ಲಿ. ಅವು ಬೋರ್ಡಿನ ಮಾತು ಕೇಳಲ್ಲ. ಕಿವಿಯಲ್ಲಿ ಹೆಡ್‌ಸೆಟ್, ಅದರಲ್ಲಿ ದೆತೆಲಿನಾ "ಹೋಗು" ಅಂದ್ರೆ ಮಾತ್ರ ನಾವು ಆರಿಸಬೇಕು.

ಕೊನೇ ಸ್ವರ ಶುರುವಾಯ್ತು. ಎಳೆದ್ಳು... ಎಳೆದ್ಳು... ಆಗ ನನ್ನ ಕಿವಿಯಲ್ಲಿ, ಝರ್ರ್...

ಅಯ್ಯೋ, ಬಂದ ಮುದುಕ! ಅಂದ್ಕೊಂಡೆ. ದೆತೆಲಿನಾ ಹಲ್ಲು ಕಚ್ಚಿ ಉಸಿರು ಬಿಡೋದು ಕೇಳಿಸ್ತಿತ್ತು. ಎರಡೂ ಹೆಬ್ಬೆರಳಿಂದ ಹಿಡಿಯನ್ನ ಒತ್ತಿ ಹಿಡಿದಿದ್ಳಂತೆ. ಮೇಲಕ್ಕೆ ತಳ್ಳೋ ಬಲಕ್ಕೆ ಉಗುರು ಸೀಳಿತಂತೆ. "ಬಿಡಲ್ಲ... ಬಿಡಲ್ಲ ಮೇಷ್ಟ್ರೇ..." ಅಷ್ಟೇ ಅವಳ ಬಾಯಲ್ಲಿ. ನಮ್ಮನ್ನ ಮರೆತೇಬಿಟ್ಟಿದ್ಳು. ನಾವಿಬ್ಬರು ಆರಿಸದಿದ್ರೆ ಎಲ್ಲಿಯ ಕತ್ತಲೆ? ಎಲ್ಲ ನೀರಲ್ಲಿ ಹೋಮ.

ಸ್ವರ ನಿಲ್ತು.

"ಹೋಗು."

ಟಕ್. ನನ್ನದು. ಟಕ್. ಯಾವೊರ್‌ದು. ಗವ್ವನೆ ಕತ್ತಲೆ. ನಾಲ್ಕು ಸಾವಿರ ಜನ ಉಸಿರು ಹಿಡಿದ್ರು. ಕೆಳಗೆ ಡ್ಯಾನ್ಯೂಬ್ ದಂಡೆಯ ಕಪ್ಪೆಗಳ ವಟವಟ ಕೇಳಿಸ್ತು. ಆಮೇಲೆ... ಅದೇನು ಕೂಗು, ಅದೇನು ಚಪ್ಪಾಳೆ! ನಾನು ಅಟ್ಟದ ಮೇಲೆ ಗೋಳೋ ಅಂತ ಅತ್ತುಬಿಟ್ಟೆ.

ನಾನೂ ಯಾವೊರೂ ಇಳಿದು ಗೂಡಿಗೆ ಹೋಗೋ ಹೊತ್ತಿಗೆ ಸ್ತಾಮೆನ್ ಅಲ್ಲಿಗೆ ಓಡಿ ಬಂದ. "ಮುಂದಿನ ವಾರವೂ ಹೀಗೇ ಮಾಡು" ಅಂದ.

"ಹೇಗೆ ಮಾಡಬೇಕು ಅಂತ ಇನ್ಮೇಲೆ ನಾನು ಹೇಳ್ತೀನಿ, ನೀವು ಕೇಳಿ" ಅಂದ್ಳು ದೆತೆಲಿನಾ, ರಕ್ತ ಸೋರೋ ಬೆರಳಿಗೆ ಟೇಪು ಸುತ್ತಿಕೊಳ್ತಾ. ಅವನು ತಲೆಯಾಡಿಸಿ ಹೋದ.

ಆಮೇಲೆ ನಮ್ಮ ಕಡೆ ತಿರುಗಿದ್ಳು. "ಅಕ್ಕ, ಸ್ವರ ನಿಲ್ತಿದ್ದ ಹಾಗೇ ಹಿಡಿಯ ಬಲ ಒಮ್ಮೆಗೇ ಬಿಟ್ಟುಹೋಯ್ತು. ಆದ್ರೆ ನಾನು 'ಹೋಗು' ಅನ್ನಲೇ ಇಲ್ಲ. ನೀವು ಹೇಗೆ ಆರಿಸಿದ್ರಿ?"

ಮೇಷ್ಟ್ರ ಮುಖವನ್ನೇ ನೋಡದ ಯಾವೊರ್ ಹೇಳಿದ, "ಆ ಯಜಮಾನ್ರು ಅಂದ್ರಲ್ಲ? ಗಂಟಲು ಸರಿಮಾಡ್ಕೊಂಡು 'ಹೋಗು' ಅಂದ್ರು. ಆಮೇಲೆ ಇನ್ನೊಂದು ಮಾತೂ ಅಂದ್ರು."

"ಏನು?"

"'ಹಠಮಾರಿ' ಅಂದ್ರು."

"ನಾನೇನು ಅವರ ಸಹಾಯ ಕೇಳಿದ್ನಾ!" ಅಂತ ರೇಗಿದ್ಳು ದೆತೆಲಿನಾ. ಕಣ್ಣಲ್ಲಿ ಮಾತ್ರ ನೀರು ಧಾರಾಕಾರ.

ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಬಿದ್ದುಹೋಗಲಿ. ಆ ರಾತ್ರಿ ಹೆಡ್‌ಸೆಟ್‌ಗಳನ್ನ ಸುತ್ತಿ ಪೆಟ್ಟಿಗೆಗೆ ಇಟ್ಟಿದ್ದು ನಾನೇ. ಅವಳದು, ನನ್ನದು, ಯಾವೊರ್‌ದು. ಮೂರೇ ಇದ್ದಿದ್ದು.