ಕಾಲು ಚಾಚುವಷ್ಟು ಜಾಗ

ನಮ್ಮ ಪಕ್ಕದ ಮನೆಯ ಏಳುಮಲೈಗೆ ಆದದ್ದು ಇದು. ಕತೆ ಕಟ್ಟುವ ಆಸಾಮಿಯಲ್ಲ ಅವನು. ಆರಣಿ ರೇಷ್ಮೆ ಸೀರೆ ನೇಯುವವನು, ನಾವು ಹತ್ತು ಮಾತಾಡಿದರೆ ಒಂದು ಮಾತಾಡುವವನು.

ಅವತ್ತು ಆರಣಿಯಲ್ಲಿ ಶೋರೂಮಿಗೆ ಹೋಗಿ, ಕೊಳ್ಳಲು ಒಂದು ಪುಟ್ಟ ಕೆಂಪು ಕಾರು ಗೊತ್ತುಮಾಡಿ ಕೊನೆಯ ಬಸ್ಸಿಗೆ ಬಂದ. ಬಸ್ಸು ಹೆದ್ದಾರಿಯಲ್ಲೇ ಇಳಿಸಿ ಹೋಯಿತು. ಅಲ್ಲಿಂದ ಊರಿಗೆ ಒಂದು ಮೈಲಿ ನಡಿಗೆ. ನಡುವೆ ಹಳೇ ಬಾವಿ.

ಬಾವಿಯ ಹತ್ತಿರ ಬಂದಾಗ… ಕಿರ್ರ್… ಕಿರ್ರ್… ರಾಟೆ ತಿರುಗುವ ಸದ್ದು. ಆ ರಾಟೆಗೆ ಹಗ್ಗ ಬಿದ್ದೇ ಎಷ್ಟೋ ಕಾಲವಾಗಿತ್ತು. ಏಳುಮಲೈ ನಿಂತ. ಸದ್ದೂ ನಿಂತಿತು.

"ಮಾವ…"

ಅವನನ್ನು ಮಾವ ಅಂತ ಕರೆಯುತ್ತಿದ್ದವಳು ಒಬ್ಬಳೇ, ಮೊದಲ ಹೆಂಡತಿ ಅಂಜಲೈ. ಅವಳು ಸತ್ತು ಮೂರು ವರ್ಷ.

"ಮಾವ… ಹಿಂದಿನ ಸೀಟಲ್ಲಿ ಕಾಲು ಚಾಚ್ಬೋದಾ?"

ಅಷ್ಟೇ. ಅವನು ಮನೆ ಹೇಗೆ ಮುಟ್ಟಿದನೋ ಅವನಿಗೇ ಗೊತ್ತಿಲ್ಲ.

ಅಂಜಲೈ ಸತ್ತದ್ದು ಕಾರಿನಲ್ಲೇ. ಹೆರಿಗೆ ನೋವು ಬಂದ ರಾತ್ರಿ ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು. ಯಾರದೋ ಸಣ್ಣ ಕಾರಿನಲ್ಲಿ ಅವಳನ್ನು ಮುದುರಿ ಕೂರಿಸಿಕೊಂಡು ಹೊರಟರು. "ಒಂದ್ಸಲ ಕಾಲು ಚಾಚ್ಬೇಕು ಮಾವ" ಎಂದು ದಾರಿಯುದ್ದಕ್ಕೂ ಗೋಗರೆದಳು. ಜಾಗವಿರಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ.

ಈಗ ಎರಡನೇ ಹೆಂಡತಿ ಮಲರ್ಕೊಡಿಗೆ ಎಂಟು ತಿಂಗಳು. ಇವಳನ್ನಾದರೂ ಉಳಿಸಿಕೊಳ್ಳಬೇಕೆಂದೇ ಅವನು ಕಾರಿಗೆ ಕೈಹಾಕಿದ್ದು. ಆದರೆ ಅವನ ತಲೆಯೊಳಗೆ ಹೊಕ್ಕವರು ಒಬ್ಬರೇ ಇಬ್ಬರೇ? ಭಾವ ಮೈಲೇಜ್ ನೋಡು ಅಂದ. ಮಗ್ಗದ ಗೆಳೆಯರು ಕೆಂಪು ಬಣ್ಣವೇ ಲಕ್ಷಣ ಅಂದರು. ನಾನೂ ಸುಮ್ಮನಿರಲಿಲ್ಲ, ನಮ್ಮ ಓಣಿಯಲ್ಲಿ ತಿರುಗಬೇಕಲ್ಲ, ಚಿಕ್ಕದೇ ತಗೋ ಅಂದೆ. ಯಾರಿಗಾಗಿ ಕಾರೋ ಅವಳು ಅದರಲ್ಲಿ ಹೇಗೆ ಮಲಗುತ್ತಾಳೆ ಅಂತ ಒಬ್ಬರೂ ಕೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಏಳುಮಲೈಯ ತಾಯಿ ಕುಪ್ಪಮ್ಮಾಳ್ ಬಾವಿಯ ಹತ್ತಿರ ಆದದ್ದನ್ನು ಮಗ ಹೇಳಿದ್ದೇ ಪಿಸುಗುಟ್ಟಿದಳು.

"ಅಂಜಲೈಗೆ ಸೀರೆ ಇಟ್ಟು ಕೇಳಿದ್ಯೇನೋ?"

ನಮ್ಮ ಕಡೆ ಮುತ್ತೈದೆಯಾಗಿ ಸತ್ತವಳು ಮನೆಯ ಪೂವಾಡೈಕಾರಿ, ಮನೆ ಕಾಯುವ ದೇವತೆ. ಯಾವ ಒಳ್ಳೆ ಕೆಲಸಕ್ಕೂ ಮೊದಲು ಅವಳ ಹೆಸರಲ್ಲಿ ಹೊಸ ಸೀರೆ, ಹೂವು ಇಟ್ಟು ಅಪ್ಪಣೆ ಕೇಳಬೇಕು.

"ಕಬ್ಬಿಣದ ಡಬ್ಬಕ್ಕೆ ಯಾವ ಸೀರೆಯಮ್ಮ?"

"ಎರಡನೇ ಮದ್ವೆಗೆ ಕೇಳ್ದೆ, ಹೊಸ ಮಗ್ಗಕ್ಕೆ ಕೇಳ್ದೆ. ಇದಕ್ಕೆ ಮಾತ್ರ ಕೇಳ್ಲಿಲ್ಲ. ನೋಡು, ಅವಳೇ ಬಂದು ಕೇಳಿದ್ದಾಳೆ."

"ಯಾಕೆ ಬಂದಳಮ್ಮ? ಮಲರನ್ನೂ ಕರ್ಕೊಂಡು ಹೋಗೋಕಾ?"

ಆ ರಾತ್ರಿ ಏಳುಮಲೈಗೆ ನಿದ್ದೆ ಹತ್ತಲಿಲ್ಲ. ಸವತಿಯ ಬಸುರು ಅಂದರೆ ಸತ್ತವಳಿಗೂ ಹೊಟ್ಟೆ ಉರಿಯದೆ ಇರುತ್ತದೆಯೇ?

ಮರುದಿನ ಶೋರೂಮಿನವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕೆಂಪು ಕಾರು ಓಡಿಸಿ ನೋಡಿದ. ಗಾಡಿ ಹೊರಟದ್ದೇ… ಟಿಂಗ್… ಟಿಂಗ್… ಟಿಂಗ್… ಬೆಲ್ಟ್ ಹಾಕದೆ ಕೂತವರಿದ್ದರೆ ಹೊಡೆಯುವ ಗಂಟೆ.

"ನಾವಿಬ್ಬರೂ ಹಾಕಿದ್ದೀವಲ್ಲ?"

"ಹಿಂದಿನ ಸೀಟು ಅಂತ ತೋರಿಸ್ತಿದೆ ಅಣ್ಣ. ಸೆನ್ಸರ್ ಕೆಟ್ಟಿರಬೇಕು. ಬೇರೆ ಗಾಡಿ ತರಿಸ್ತೀನಿ."

ಬೇರೆಯದು ಬಂತು. ಟಿಂಗ್… ಟಿಂಗ್… ಮೂರನೆಯದೂ ಅದೇ ಹಾಡು. ಏಳುಮಲೈ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ತಾನೇ ಸೀಟಿನ ಮೇಲೆ ಅಡ್ಡಾದ. ತಲೆ ಒಂದು ಬಾಗಿಲಿಗೆ ತಾಗಿತು. ಮೊಣಕಾಲು ಎದೆಗೆ ಬಂತು. ಹಾಗೇ ಬಿದ್ದುಕೊಂಡು ಅತ್ತುಬಿಟ್ಟ. ಮೂರು ವರ್ಷದಿಂದ ಅವನು ಅತ್ತಿರಲಿಲ್ಲ.

"ಇದು ಬೇಡ. ಸೀಟು ಮಡಚಿದ್ರೆ ಮನುಷ್ಯ ಉದ್ದಕ್ಕೆ ಮಲಗೋ ಅಂಥದ್ದು ಕೊಡಿ."

ಶೋರೂಮಿನವನು ಒಂದು ಬಿಳಿ ವ್ಯಾನು ತೋರಿಸಿ ನಕ್ಕ. "ಇದನ್ನ ಟೊಮ್ಯಾಟೊ ಸಾಗಿಸೋರು ತಗೋತಾರಣ್ಣ. ಹೆಂಡ್ತಿ ಬೈಯಲ್ವಾ?"

"ಬೈಯೋಕಾದ್ರೂ ಇರ್ಲಿ ಬಿಡಪ್ಪ."

ವ್ಯಾನು ಓಡಿಸಿ ನೋಡಿದಾಗ ಗಂಟೆ ಹೊಡೆಯಲಿಲ್ಲ. ಅದನ್ನೇ ಕೊಂಡ. ಅವತ್ತೇ ಅವನು ತಾನೇ ನೇಯ್ದ ಹಸಿರು ಸೀರೆಯನ್ನು ಅಂಜಲೈಯ ಹೆಸರಲ್ಲಿಟ್ಟು ಅಡ್ಡಬಿದ್ದ. ಆದರೂ ಎದೆಯ ಅಳುಕು ಹೋಗಲಿಲ್ಲ.

ನೋವು ಬಂದದ್ದು ಹದಿನೈದು ದಿನ ಮೊದಲೇ, ನಡುರಾತ್ರಿ. ಕುಪ್ಪಮ್ಮಾಳ್ ಮಗಳ ಮನೆಗೆ ಹೋಗಿದ್ದಳು. ನಾವು ಮನೆಯವರೆಲ್ಲ ತಿರುಪತಿಯಲ್ಲಿದ್ದೆವು. ಮಲರ್ಕೊಡಿಗೆ ತವರೂ ಇಲ್ಲ. ಏಳುಮಲೈ ಹಾಸಿಗೆ ಹಾಕಿ ಅವಳನ್ನು ಹಿಂದೆ ಉದ್ದಕ್ಕೆ ಮಲಗಿಸಿ ಒಬ್ಬನೇ ಹೊರಟ.

ಬಾವಿ ದಾಟಿದ ಮೇಲೆ ನರಳಾಟ ಇಳಿಯಿತು. ಜೀವ ಹೋಯಿತೇನೋ ಅಂತ ಅವನು ಕೂಗಿ ಕರೆದ.

"ಮಲರ್… ಇದ್ದೀಯಾ?"

"ಇದ್ದೀನಿ ರೀ… ಓಡ್ಸಿ." ಆಮೇಲೆ, ಇನ್ನೂ ಮೆಲ್ಲಗೆ, "ಸೊಂಟ ಹಿಡ್ಕೊ ಅಕ್ಕ… ಹಾಂ… ಅಲ್ಲೇ…"

ಏಳುಮಲೈ ಹಿಂದಿನದು ಕಾಣುವ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟ. ಆಸ್ಪತ್ರೆಯವರೆಗೂ ಹಿಂದೆ ನೋಡಲಿಲ್ಲ.

ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು. ತಾಯಿಯೂ ಕ್ಷೇಮ. ಏಳುಮಲೈ ನರ್ಸಮ್ಮನ ಕಾಲಿಗೇ ಬೀಳಲು ಹೋದ. ಆಮೇಲೆ ಹೆಂಡತಿಯ ಮೈಮೇಲಿನ ಒಡವೆ ಎಲ್ಲಿ ಅಂತ ಕೇಳಿದ.

"ಹೆರಿಗೆ ಕೋಣೆಯೊಳಗೆ ಒಡವೆ ಬಿಡಲ್ಲಪ್ಪ. ಬಿಚ್ಚಿ ನಿಮ್ಮ ಜೊತೆ ಬಂದ ಹೆಂಗಸಿನ ಕೈಗೆ ಕೊಟ್ಟೆ. ಗಾಡೀಲಿ ಇಡ್ತೀನಿ ಅಂದ್ಲು."

ವ್ಯಾನಿಗೆ ಬೀಗ ಹಾಕಿತ್ತು. ಕೀಲಿ ರಾತ್ರಿಯಿಂದ ಅವನ ಅಂಗಿ ಜೇಬಿನಲ್ಲೇ ಇತ್ತು. ತೆಗೆದು ನೋಡಿದರೆ, ಆಸ್ಪತ್ರೆಯ ಬಟ್ಟೆಯ ತುಂಡಿನಲ್ಲಿ ಸುತ್ತಿದ ಒಡವೆ ಹಾಸಿಗೆಯ ಮೇಲಿತ್ತು. ಓಲೆ, ಕಾಲ್ಗೆಜ್ಜೆ, ಕಾಲುಂಗುರ ಎಲ್ಲ ಇದ್ದವು. ಮೂಗುಬೊಟ್ಟು ಒಂದಿರಲಿಲ್ಲ. ಏಳುಮಲೈ ಹುಡುಕಲೂ ಇಲ್ಲ.

ಇದು ನಡೆದದ್ದು ನಿಜ, ನನ್ನ ಮಕ್ಕಳಾಣೆ. ಅನುಮಾನವಿದ್ದರೆ ನಾಳೆ ಬೆಳಕು ಹರಿದ ಮೇಲೆ ಮಲರ್ಕೊಡಿಯನ್ನು ನೋಡಿ ಬನ್ನಿ. ಹೊಸದು ಮಾಡಿಸಿಕೊಡುತ್ತೇನೆ ಅಂತ ಗಂಡ ಅಂದರೂ ಬೇಡ, ಅದು ಅಕ್ಕನ ಪಾಲು ಅನ್ನುತ್ತಾಳೆ. ಅವಳ ಮೂಗು ಇವತ್ತಿಗೂ ಖಾಲಿ.