ಭುಜದೊಳಗಿನ ಚರೆ

ಚಿಕ್ಕಮಗಳೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಸರದಿ ಕಾಯುತ್ತಿದ್ದ ಸುಗುಣಳ ಕಿವಿ ಪಕ್ಕದ ಗಂಡಹೆಂಡಿರ ಪಿಸುಮಾತಿಗೆ ನೆಟ್ಟಗಾಯಿತು.

"ಮೈಯೊಳಗೆ ಲೋಹ ಇದೆಯಾ ಅಂತ ಕೇಳಿದ್ರೆ ಇಲ್ಲ ಅನ್ನು."

"ನನ್ನ ಭುಜದಲ್ಲಿ ನಿಮ್ಮ ಕೋವಿ ಚರೆ ಇನ್ನೂ ಇದೆಯಲ್ರೀ. ಆ ಮಿಶನ್ನಿನ ಅಯಸ್ಕಾಂತ ಎಳೆದ್ರೆ?"

"ಹಾಗಾದ್ರೆ ಎಂಆರ್‌ಐನೇ ಬೇಡ. ಸೀದಾ ಆಪರೇಷನ್ ಮಾಡ್ಲಿ."

"ಗಡ್ಡೆ ಎಲ್ಲಿವರೆಗೆ ಹಬ್ಬಿದೆ ಅಂತ ನೋಡದೆ, ಮೊಲೆ ಎಷ್ಟು ಕೊಯ್ಯೋದು ಅಂತ ಡಾಕ್ಟ್ರಿಗೆ ಹೇಗೆ ಗೊತ್ತಾಗ್ತದೆ?"

"ಸರಿ, ಹಂದಿ ಅಂದ್ಕೊಂಡು ಹೊಡೆದದ್ದು ಅನ್ನು. ಊರಿಗೆಲ್ಲ ಹಾಗೇ ಹೇಳಿದ್ದೀಯಲ್ಲ."

ಗಂಡ ಹೆಂಡತಿಯ ಮಣಿಕಟ್ಟು ಹಿಡಿದು ತಿರುಚಿದ.

"ಬೇರೆ ಮಾತಾಡಿದ್ರೆ ಈ ಸಲ ಗುರಿ ತಪ್ಪೋದಿಲ್ಲ."

ನರ್ಸ್ ಆ ಹೆಂಗಸಿನ ಹೆಸರು ಕೂಗಿದಳು. ಹೆಂಗಸು ಕೈ ಕೊಸರಿಕೊಂಡು ಎದ್ದಳು.

"ಹಂದಿ ಅಂತಲೇ ಹೇಳ್ತೀನಿ. ಕಾಫಿ ಕಣದಲ್ಲಿ ಓಡ್ತಾ ಆ ಹಂದಿ 'ಹೊಡಿಬೇಡಿ, ನಿಮ್ಮ ದಮ್ಮಯ್ಯ' ಅಂತ ಕೂಗಿತ್ತಲ್ಲ, ಅದನ್ನೂ ಹೇಳ್ತೀನಿ."

ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.