ಮೂರು ದಿನದ ಉಪವಾಸ

"ಹಲೋ... ಹಲೋ, ಮಿಷನ್ ಮನೆಯಾ? ಯಾರು ಮಾತಾಡ್ತಿರೋದು?"

...

"ತುಆಸೋನಾ? ನಾನು ಮಗ್ಬನುವಾ. ಸಾನ್ ರೋಕೆಯಿಂದ. ಹಾಂ, ಅದೇ, ಮಗನನ್ನ ಸಾಕ್ತಿರೋ ಅಪ್ಪ. ನಗಬೇಡ ಮಾರಾಯ. ಸಿಸ್ಟರ್ ಅಲ್ಕಂತಾರಾ ಇದ್ದಾರಾ?"

...

"ಮಿಷನ್ ಪ್ರೆಸಿಡೆಂಟ್ ಬೇಡ, ಅವರ ಹೆಂಡತೀನೇ ಬೇಕು. ನರ್ಸ್ ಆಗಿದ್ದವರು ಅವರಲ್ವಾ? ಬೇಗ ಕರಿ. ನಿನ್ನೆಯಿಂದ ಇಲ್ಲಿ ಕರೆಂಟಿಲ್ಲ, ಬ್ಯಾಟರಿ ಹನ್ನೊಂದು ಪರ್ಸೆಂಟಿಗೆ ಬಂದಿದೆ."

...

ಮಗ್ಬನುವಾ ಹೊಸ್ತಿಲ ಮೇಲೆ ನಿಂತಿದ್ದ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಜೊತೆಗಾರ ಸದಾ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು, ಒಬ್ಬನನ್ನು ಬಿಟ್ಟು ಇನ್ನೊಬ್ಬ ಹೋಗಬಾರದು ಎನ್ನುವುದು ಮಿಷನ್ನಿನ ನಿಯಮ. ಒಳಗೆ ಚಾಪೆಯ ಮೇಲೆ ಲೂಮಿಸ್ ಬಿದ್ದುಕೊಂಡಿದ್ದ. ಬಿಳಿ ಅಂಗಿ, ಟೈ, ಎದೆಯ ಮೇಲಿನ ಕಪ್ಪು ಹೆಸರಿನ ಪಟ್ಟಿ ಎಲ್ಲ ಹಾಗೇ ಇದ್ದವು. ತುಟಿ ಮಾತ್ರ ಒಣಮೀನಿನ ಚರ್ಮದಂತೆ ಬಿರಿದಿತ್ತು. ಅವನು ಸಮುದ್ರದಾಚೆಯ ಐಡಾಹೋದಿಂದ ಧರ್ಮಪ್ರಚಾರಕ್ಕೆಂದು ಇಲ್ಲಿಗೆ ಬಂದು ಆರು ವಾರವಾಗಿತ್ತು. ಹೊಸಬನಿಗೆ ಕೆಲಸ ಕಲಿಸುವವನನ್ನು ಅಪ್ಪನೆಂದೂ ಹೊಸಬನನ್ನು ಮಗನೆಂದೂ ಕರೆಯುವುದು ಇವರಲ್ಲಿ ತಮಾಷೆ. ಅಪ್ಪನಿಗೆ ಇಪ್ಪತ್ತೊಂದು, ಮಗನಿಗೆ ಹತ್ತೊಂಬತ್ತು.

"ಸಿಸ್ಟರ್... ಹಾಂ, ಮಗ್ಬನುವಾ. ಇಬ್ಬರೂ ಚೆನ್ನಾಗಿದೀವಿ. ಅಲ್ಲ, ಚೆನ್ನಾಗಿಲ್ಲ. ಲೂಮಿಸ್ ದಾರೀಲಿ ಬಿದ್ದುಬಿಟ್ಟ. ಅರ್ಧ ಗಂಟೆ ಆಯ್ತು. ರಸ್ತೆ ಮೇಲೆ ಭತ್ತ ಒಣಹಾಕಿದ್ರು, ಅದರ ಮೇಲೇ."

...

"ಇಲ್ಲ, ತಲೆಗೆ ಏಟಾಗಿಲ್ಲ. ಭತ್ತದ ಹೆಂಗಸು ಬೈದ್ಳು ಅಷ್ಟೇ, ಕುಡಿದಿದಾನೆ ಅಂದ್ಕೊಂಡು. ಆಮೇಲೆ ಅವಳೇ ಕಾಲು ಹಿಡಿದು ಎತ್ತಿಸಿದ್ಳು."

...

"ಜ್ವರ ಇಲ್ಲ. ವಾಂತಿನೂ ಇಲ್ಲ. ವಾಂತಿ ಆಗೋಕೆ ಹೊಟ್ಟೇಲಿ ಏನಾದ್ರೂ ಇರಬೇಕಲ್ವಾ?"

...

"ಊಟ... ಊಟ ಮಾಡಿದ್ದು ಬುಧವಾರ ರಾತ್ರಿ."

...

"ಹಾಂ. ಇವತ್ತು ಶುಕ್ರವಾರಾನೇ. ನೀರೂ ಇಲ್ಲ ಸಿಸ್ಟರ್. ಒಂದು ಹನಿನೂ ಇಲ್ಲ."

...

ಫೋನನ್ನು ಅವನು ಕಿವಿಯಿಂದ ಒಂದು ಗೇಣು ದೂರ ಹಿಡಿದ. ಆ ಕಡೆಯ ದನಿ ಅಷ್ಟು ದೂರಕ್ಕೂ ಕೇಳುತ್ತಿತ್ತು. ಇಬ್ಬರೂ ಸಮರ್ ದ್ವೀಪದ ಮಾತಿನಲ್ಲೇ ಮಾತಾಡುತ್ತಿದ್ದುದರಿಂದ ಲೂಮಿಸ್‌ಗೆ ತನ್ನ ಹೆಸರು ಬಿಟ್ಟು ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಆದರೂ ಅವನು ಕಣ್ಣು ಬಿಟ್ಟುಕೊಂಡು ಇವನ ಮುಖವನ್ನೇ ನೋಡುತ್ತಿದ್ದ.

"ಗೊತ್ತು ಸಿಸ್ಟರ್. ನಮ್ಮಲ್ಲಿ ಉಪವಾಸ ಅಂದ್ರೆ ತಿಂಗಳಿಗೊಂದು ಭಾನುವಾರ, ಎರಡು ಹೊತ್ತು, ಅಷ್ಟೇ. ನನಗೆ ಗೊತ್ತಿತ್ತು. ಸೋಮವಾರದಿಂದ ಮಂಗಳವಾರದವರೆಗೂ ಒಂದು ಸಲ ಮಾಡಿದ್ದ. ಇದು ವಾರದಲ್ಲಿ ಎರಡನೇದು."

...

"ಇಲ್ಲ. ಪ್ರೆಸಿಡೆಂಟ್‌ಗೆ ಬರೆಯೋ ವಾರದ ಕಾಗದದಲ್ಲಿ ಬರೀಲಿಲ್ಲ. ಎಲ್ಲ ಚೆನ್ನಾಗಿದೆ ಅಂತ ಬರೆದೆ."

...

"ಯಾಕೆ ಅಂದ್ರೆ ನೀವು ಅವನನ್ನ ಮನೆಗೆ ಕಳಿಸಿಬಿಡ್ತೀರಿ ಅಂತ. ಎರಡು ವರ್ಷಕ್ಕೆ ಅಂತ ಹೊರಟವನು ಎರಡು ತಿಂಗಳಿಗೇ ವಾಪಸ್ ಹೋದ್ರೆ ಅವರ ಊರಲ್ಲಿ ಸುಮ್ನೆ ಬಿಡ್ತಾರಾ? ನಮ್ಮೂರಲ್ಲೇ ಬಿಡಲ್ಲ. ನಮ್ಮೂರಲ್ಲಿ ಒಬ್ಬ ಹಾಗೆ ಬಂದ. ಇವತ್ತಿಗೂ ಪ್ರಾರ್ಥನಾಲಯದ ಹಿಂದಿನ ಬೆಂಚಲ್ಲೇ ಕೂರ್ತಾನೆ."

...

"ನಾಳೆ ಪೆರ್ಲಾ ಅಕ್ಕನ ದೀಕ್ಷಾಸ್ನಾನ ಇದೆಯಲ್ಲ, ಅದಕ್ಕೇ ಈ ಉಪವಾಸ. ಗಂಡ ಇನ್ನೂ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಲ್ಲ. ಗಂಡ ಒಪ್ಪದೆ ನೀರಿಗಿಳಿಸೋ ಹಾಗಿಲ್ಲ, ಅಲ್ವಾ? ಬುಧವಾರ ಹೋದಾಗ ಆ ಗಂಡ ಕ್ರಿಸ್ಪುಲೊ ಬಲೆ ಹೊಲೀತಾ ಕೂತಿದ್ದ. 'ತಮ್ಮಾ, ಒಂದು ಲೋಟ ಕಳ್ಳು ಕುಡಿ, ಎರಡು ಸಹಿ ಹಾಕ್ತೀನಿ' ಅಂದ. ಎಲ್ರೂ ನಕ್ರು. ನಾನೂ ನಕ್ಕೆ. ಇವನೊಬ್ಬ ನಗಲಿಲ್ಲ. ರಾತ್ರಿ ಊಟದ ತಟ್ಟೆ ತೊಳೆದಿಟ್ಟವನೇ ಮಂಡಿಯೂರಿ ಶುರು ಮಾಡ್ದ."

...

"ನಿನ್ನೆನೂ ಹೋಗಿದ್ವಿ. ಅಕ್ಕ ಬಾಳೆಹಣ್ಣು ಕರಿದು ಕೊಟ್ರು, ಸಕ್ಕರೆ ಹಾಕಿ. ಇವನು ಮುಟ್ಟಲಿಲ್ಲ. ಅಕ್ಕನೂ ತಿನ್ನಲಿಲ್ಲ, ಮಡಿಲಲ್ಲಿ ಕೂಸಿಗೆ ಹಾಲು ಕೊಡ್ತಾ ಸುಮ್ನೆ ಕೂತಿದ್ರು. ಎರಡು ತಟ್ಟೆನೂ ನಾನೇ ಖಾಲಿ ಮಾಡಿದೆ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ರು. ನನ್ನ ಹೊಟ್ಟೆಬಾಕತನಕ್ಕೆ ಇರಬೇಕು."

...

"ಗಾಡಿಗೆ ಪಕ್ಕದ ಮನೆಯವರನ್ನ ಕಳಿಸಿದೀನಿ. ಆದ್ರೆ ಇವನು ಆಸ್ಪತ್ರೆಗೆ ಬರಲ್ಲ ಅಂತ ಕಿಟಕಿ ಸರಳು ಹಿಡ್ಕೊಂಡಿದಾನೆ. ಹಾಂ... ಮೊದಲು ನೀರು. ಉಪ್ಪು, ಸಕ್ಕರೆ. ಒಂದು ಚಮಚ, ಬಿಟ್ಟು ಬಿಟ್ಟು. ಕಲಸಿಟ್ಟಿದೀನಿ ಸಿಸ್ಟರ್, ಆಗಲೇ. ಒಂದ್ನಿಮಿಷ."

ಮಗ್ಬನುವಾ ಒಳಗೆ ಬಂದು ಚಾಪೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಚಮಚವನ್ನು ತುಟಿಯವರೆಗೆ ಒಯ್ದ. ಲೂಮಿಸ್ ಹಲ್ಲು ಕಚ್ಚಿ ಮುಖ ಗೋಡೆಗೆ ತಿರುಗಿಸಿದ. ನೀರು ಕೆನ್ನೆಯ ಮೇಲೆ ಹರಿದು ಕಾಲರಿನೊಳಗೆ ಇಳಿಯಿತು.

"ಬಾಯಿ ಬಿಡ್ತಿಲ್ಲ ಸಿಸ್ಟರ್. ನಾಳೆ ಅಂತಾನೆ. ನಾಳೆಗೆ ಮೂರು ದಿನ ಆಗುತ್ತಂತೆ."

...

"ಬೇಡ, ನೀವು ಹೇಳಿದ್ರೂ ಕೇಳಲ್ಲ. ದೇವರಿಗೆ ಮಾತು ಕೊಟ್ಟಿದೀನಿ ಅಂತಾನೆ. ಪ್ರೆಸಿಡೆಂಟ್ ಹೇಳಿದ್ರೂ ಅಷ್ಟೇ."

...

"ಮೂರು ದಿನ ಅಂತ ಯಾರು...? ಅದು... ಎಲ್ಲೋ ಕೇಳಿರಬೇಕು."

...

"ಸಿಸ್ಟರ್, ಬ್ಯಾಟರಿ ಆರು ಇದೆ."

...

"ಹಾಂ. ಇದೀನಿ. ಕೇಳಿಸ್ತಿದೆ."

...

"ನಾನೇ ಹೇಳಿದ್ದು."

ಹೊರಗೆ ಯಾರದೋ ಹುಂಜ ಕೂಗಿತು. ಮಗ್ಬನುವಾ ಚಮಚವನ್ನು ಲೋಟದೊಳಗೆ ಇಳಿಸಿ, ಮತ್ತೆ ತೆಗೆದು, ಮತ್ತೆ ಇಳಿಸಿದ.

"ಹೋದ ತಿಂಗಳು, ಅವನು ಬಂದ ಎರಡನೇ ವಾರ. ಮನೆ ನೆನಪಾಗಿ ಅಳ್ತಾ ಕೂತಿದ್ದ. ಧೈರ್ಯ ಹೇಳೋಣ ಅಂತ ಕಥೆ ಹೇಳ್ದೆ. ನಾನು ಮೊದಲಿದ್ದ ದ್ವೀಪದಲ್ಲಿ ಮೂರು ದಿನ ಉಪವಾಸ ಮಾಡಿದೆ, ನೀರೂ ಮುಟ್ಟಲಿಲ್ಲ, ನಾಲ್ಕನೇ ದಿನ ಒಂದೇ ಮನೆಯ ಏಳು ಜನ ದೀಕ್ಷಾಸ್ನಾನಕ್ಕೆ ಬಂದ್ರು ಅಂತ."

...

"ಏಳು ಜನ ಬಂದಿದ್ದು ನಿಜ."

...

"ಒಂದು ದಿನ ಮಾಡಿದೆ ಅಷ್ಟೇ. ಎರಡನೇ ದಿನ ಬೆಳಿಗ್ಗೆ ಜೊತೆಗಾರ ಸ್ನಾನಕ್ಕೆ ಹೋದಾಗ ಮೂರು ಬನ್ನು ತಿಂದೆ, ಅಡುಗೆಮನೆ ಬಾಗಿಲ ಹಿಂದೆ ನಿಂತ್ಕೊಂಡು. ಆ ಮನೆಯವರು ಬಂದಿದ್ದೂ ಉಪವಾಸಕ್ಕಲ್ಲ ಸಿಸ್ಟರ್. ಅವರ ಗಂಡುಮಕ್ಕಳು ನಮ್ಮ ಪ್ರಾರ್ಥನಾಲಯದ ಅಂಗಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡೋಕೆ ಬರ್ತಿದ್ರು. ಅವರ ಹಿಂದೆ ಅಮ್ಮ ಬಂದ್ಲು, ಅಮ್ಮನ ಹಿಂದೆ ಅಪ್ಪ."

...

"ಹಾಂ."

...

"ಈಗಲೇ? ಫೋನಲ್ಲಿ ನೀವು ಇರುವಾಗಲೇ? ಸಿಸ್ಟರ್, ಅವನು ನನ್ನನ್ನ... ಆರು ವಾರದಿಂದ ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರ್ಕೊಳ್ತಾನೆ ಅವನು. ನಾಳೆ ಅವನ ಜೊತೆ ಬಾಗಿಲು ಬಾಗಿಲು ತಟ್ಟೋದು ಹೇಗೆ?"

...

ಆ ಕಡೆಯಿಂದ ಬಂದ ಉತ್ತರ ಚಿಕ್ಕದಾಗಿತ್ತು. ಮಗ್ಬನುವಾ ಎರಡು ಸಲ ತಲೆಯಾಡಿಸಿದ, ಸಿಸ್ಟರ್‌ಗೆ ಅದು ಕಾಣುವುದಿಲ್ಲವೆಂಬುದು ಅವನಿಗೆ ಹೊಳೆಯಲಿಲ್ಲ. ಫೋನನ್ನು ಚಾಪೆಯ ಮೇಲಿಟ್ಟು ಹುಡುಗನ ಭಾಷೆಗೆ ತಿರುಗಿದ.

"ಲೂಮಿಸ್, ಇಲ್ಲಿ ನೋಡು. ನೋಡೋ. ಆ ದ್ವೀಪದ ಕಥೆ ಸುಳ್ಳು. ನಾನು ಒಂದೇ ದಿನ ಮಾಡಿದ್ದು. ಮಾರನೇ ದಿನ ಕದ್ದು ತಿಂದೆ."

...

"ಇಲ್ಲ, ನೀರು ಕುಡಿಸೋಕೆ ಅಂತ ಹೇಳ್ತಿಲ್ಲ. ಬನ್ನು. ಮೂರು. ಒಂದರಲ್ಲಿ ಇರುವೆ ಇತ್ತು, ಅದನ್ನೂ ತಿಂದೆ."

...

ಲೂಮಿಸ್ ಗೋಡೆಯಿಂದ ಮುಖ ತಿರುಗಿಸಿದ. ಬಳಿಕ ಕಿಟಕಿಯ ಸರಳು ಬಿಟ್ಟು ತಾನೇ ಲೋಟಕ್ಕೆ ಕೈ ಚಾಚಿದ. ಲೋಟ ವಾಲಿ ಅರ್ಧ ಚೆಲ್ಲಿತು. ಉಳಿದದ್ದನ್ನು ಚಮಚದಲ್ಲಿ ಕುಡಿಯುವಾಗ ಅವನ ಕಣ್ಣು ಮಗ್ಬನುವಾನ ಮುಖದ ಮೇಲಿರಲಿಲ್ಲ.

"ಕುಡೀತಿದಾನೆ ಸಿಸ್ಟರ್! ಮೂರು ಚಮಚ ಹೋಯ್ತು. ನಾಲ್ಕು. ಇಲ್ಲ, ನನ್ನ ಜೊತೆ ಮಾತಾಡ್ತಿಲ್ಲ. ಪರವಾಗಿಲ್ಲ, ಕುಡೀಲಿ. ಬ್ಯಾಟರಿ ಎರಡು. ಗಾಡಿ ಬಂದ ತಕ್ಷಣ..."

...

"ತಡೀರಿ, ಏನೋ ಹೇಳ್ತಿದಾನೆ. ಏನು ಲೂಮಿಸ್? ಪೆರ್ಲಾ ಅಕ್ಕನಿಗೆ ಏನಾಯ್ತು? ಹಾಂ, ಮಂಗಳವಾರ ಅವರಿಗೂ ಆ ಕಥೆ ಹೇಳಿದ್ದು ನಾನೇ, ನೀನು ಹೇಳು ಅಂದಿದ್ದಕ್ಕೇ... ಏನಂದೆ?"

...

"ಯಾವಾಗಿಂದ?"

...

"ಸಿಸ್ಟರ್, ಅವರೂ ಮಾಡ್ತಿದಾರಂತೆ. ನಿನ್ನೆ ಬೆಳಿಗ್ಗೆಯಿಂದ. ನೀರೂ ಇಲ್ಲದೆ. ಇವನಿಗೆ ಸನ್ನೆ ಮಾಡಿ ತೋರಿಸಿದ್ರಂತೆ, ನಾನೂ ಅಂತ. ಕೂಸಿಗೆ ಇನ್ನೂ ನಾಲ್ಕು ತಿಂಗಳು ಸಿಸ್ಟರ್! ಅವರಿಗೆ ಯಾರು ಹೇಳಬೇಕು ಅಂತ ಕೇಳ್ತಿದಾನೆ. ನಾನು ಇವನನ್ನ ಒಬ್ಬನನ್ನೇ ಬಿಟ್ಟು ಹೇಗೆ... ಕ್ರಿಸ್ಪುಲೊ ಬೇರೆ ಮನೇಲೇ ಇರ್ತಾನೆ, ಅವನ ಎದುರಿಗೆ ನಾನು... ಸಿಸ್ಟರ್?"

...

"ಹಲೋ? ಸಿಸ್ಟರ್, ಹೋಗ್ಲಾ? ನೀವು ಹೇಳಿ, ಹೋಗ್ಲಾ? ಹಲೋ..."

ಫೋನಿನ ಗಾಜು ಕಪ್ಪಾಗಿತ್ತು. ಲೂಮಿಸ್ ಮೊಣಕೈ ಊರಿ ಬಾಗಿಲವರೆಗೆ ತೆವಳಿ, ಮಗ್ಬನುವಾನ ಷೂಗಳನ್ನು ಒಂದೊಂದಾಗಿ ಅವನ ಕಡೆಗೆ ತಳ್ಳಿದ.